ಕಾಣೆಯಾದವರು ಮತ್ತು ಕಟ್ಟುಕಥೆಗಳು: ಒಂದು ವಿವೇಚನೆ

ಮನುಷ್ಯನು ಸತ್ತರೆ ಮನೆಯವರು ಅತ್ತು, ಮಣ್ಣು ಮಾಡಿ, ಕಾಲಕ್ರಮದಲ್ಲಿ ಸಮಾಧಾನ ಹೊಂದುವರು. ಬದುಕಿದ್ದರೆ ಎಲ್ಲಿದ್ದರೂ ಯೋಗಕ್ಷೇಮ ವಿಚಾರಿಸುವರು. ಆದರೆ ಸತ್ತನೆಂದು ಹೇಳಲಾಗದ, ಇರುವನೆಂದೂ ಹೇಳಲಾಗದ ಮೂರನೆಯ ಸ್ಥಿತಿಯೊಂದುಂಟು. ಅದೇ ಕಾಣೆಯಾಗುವುದು. ಈ ಸ್ಥಿತಿಯನ್ನು ಮನುಷ್ಯನ ಮನಸ್ಸು ಬಹುಕಾಲ ಸಹಿಸಲಾರದು. ಬರಿದಾದ ಸ್ಥಳವನ್ನು ಅದು ಯಾವುದಾದರೊಂದು ಕಥೆಯಿಂದ ತುಂಬಿಕೊಳ್ಳುತ್ತದೆ. ಅಂಥ ಕಥೆಗಳು ಹೇಗೆ ಹುಟ್ಟುತ್ತವೆ, ಏಕೆ ಹಬ್ಬುತ್ತವೆ, ಅವುಗಳಿಂದಾಗುವ ಹಾನಿ ಯಾವುದು ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದಂತೆ ವಿವೇಚಿಸುವುದೇ ಈ ಲೇಖನದ ಉದ್ದೇಶ.

ವಿಷಯವನ್ನು ಆರಿಸಿಕೊಳ್ಳಲು ಕಾರಣವಾದುದು ಒಂದು ಚಿಕ್ಕ ಸಂಗತಿ. ಕಳೆದ ವರ್ಷ ಇತಿಹಾಸ ವಿಭಾಗದಿಂದ ನಾವು ಕೆಲವರು ಮಸ್ಕಿಯ ಅಶೋಕ ಶಾಸನವನ್ನು ನೋಡಲು ಹೋಗಿದ್ದೆವು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಗೆಳೆಯನೊಬ್ಬನು, "ದೇವತೆಗಳು ಮನುಷ್ಯರೊಡನೆ ಬೆರೆತರೆಂದು ಆ ಶಾಸನದಲ್ಲೇ ಇದೆಯಲ್ಲ! ಆಕಾಶದಿಂದ ಬಂದವರು ಅವರೇ. ಇಂದಿಗೂ ಮನುಷ್ಯರನ್ನು ಹೊತ್ತೊಯ್ಯುವವರೂ ಅವರೇ" ಎಂದು ವಾದ ಹೂಡಿದನು. ಕೆಲವರು ನಕ್ಕರು, ಕೆಲವರು ತಲೆದೂಗಿದರು. ನನಗೆ ನಗು ಬರಲಿಲ್ಲ. ಅದರ ಕಾರಣವನ್ನು ಓದುಗರು ಲೇಖನದ ಕೊನೆಯಲ್ಲಿ ಕಾಣುವರು.

ಮೊದಲು ಆಕಾಶದ ಕಥೆಯನ್ನೇ ತೆಗೆದುಕೊಳ್ಳೋಣ. ೧೯೪೭ನೆಯ ಜೂನ್ ೨೪ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ವಿಮಾನಚಾಲಕನು ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ವೇಗವಾಗಿ ಹಾರಿಹೋದುದನ್ನು ಕಂಡೆನೆಂದು ಹೇಳಿದನು. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಅವು ಚಲಿಸಿದುವೆಂದು ಅವನು ವರ್ಣಿಸಿದುದು ಚಲನೆಯನ್ನು ಮಾತ್ರ. ಪತ್ರಿಕೆಗಳು ಅದನ್ನು ಆಕಾರವೆಂದು ತಿಳಿದು 'ಹಾರುವ ತಟ್ಟೆ' ಎಂಬ ಹೆಸರಿಟ್ಟುವು. ಅಂದಿನಿಂದ ಜನರಿಗೆ ಆಕಾಶದಲ್ಲಿ ಕಾಣತೊಡಗಿದುದು ತಟ್ಟೆಗಳೇ! ಮಾತಿನ ಒಂದು ತಪ್ಪು ಗ್ರಹಿಕೆ ಸಾವಿರಾರು ಕಣ್ಣುಗಳು ಏನನ್ನು ಕಾಣಬೇಕೆಂಬುದನ್ನು ನಿಶ್ಚಯಿಸಿತೆಂಬುದು ಗಮನಿಸತಕ್ಕ ಅಂಶ.

ಮನುಷ್ಯರನ್ನು ಹೊತ್ತೊಯ್ಯುವ ಕಥೆಗೆ ಪ್ರಸಿದ್ಧಿ ಬಂದುದು ಬೆಟ್ಟಿ ಮತ್ತು ಬಾರ್ನಿ ಹಿಲ್ ಎಂಬ ದಂಪತಿಗಳಿಂದ. ೧೯೬೧ನೆಯ ಸೆಪ್ಟೆಂಬರ್ ೧೯ರ ರಾತ್ರಿ ನ್ಯೂಹ್ಯಾಂಪ್‌ಷೈರ್ ಪ್ರಾಂತದ ಬೆಟ್ಟದ ದಾರಿಯಲ್ಲಿ ಕಾರಿನಲ್ಲಿ ಬರುತ್ತಿದ್ದಾಗ ಬೆಳಕೊಂದು ತಮ್ಮನ್ನು ಹಿಂಬಾಲಿಸಿತೆಂದು ಅವರಿಗೆ ತೋರಿತು. ಮನೆ ತಲಪಿದುದು ಎಣಿಸಿದ್ದಕ್ಕಿಂತ ತಡವಾಗಿ. ಕೆಲವು ದಿನಗಳಾದ ಮೇಲೆ ಹೆಂಡತಿಗೆ ತಮ್ಮನ್ನು ವಿಚಿತ್ರ ಜೀವಿಗಳು ಹಿಡಿದೊಯ್ದಂತೆ ಕನಸುಗಳು ಬಿದ್ದುವು. ೧೯೬೪ರಲ್ಲಿ ಬಾಸ್ಟನ್ ನಗರದ ಮನೋವೈದ್ಯ ಬೆಂಜಮಿನ್ ಸೈಮನ್ ಅವರು ಇಬ್ಬರನ್ನೂ ಸಂಮೋಹನಕ್ಕೊಳಪಡಿಸಿದಾಗ ಗಂಡನೂ ಅಂಥದೇ ಕಥೆಯನ್ನು ಹೇಳಿದನು. ೧೯೬೬ರಲ್ಲಿ ಇದು ಪುಸ್ತಕವಾಗಿ ಲೋಕವೆಲ್ಲ ಹಬ್ಬಿತು. ಆದರೆ ಚಿಕಿತ್ಸೆ ಮಾಡಿದ ಆ ವೈದ್ಯರ ಅಭಿಪ್ರಾಯವೇ ಬೇರೆ. ಹೆಂಡತಿಯ ಕನಸುಗಳನ್ನು ಪದೇ ಪದೇ ಕೇಳಿದ ಗಂಡನ ಮನಸ್ಸು ಅವುಗಳನ್ನು ತನ್ನ ನೆನಪೆಂದೇ ಸ್ವೀಕರಿಸಿತೆಂದು ಅವರು ಭಾವಿಸಿದರು. ವೈದ್ಯರು ಸುಳ್ಳು ಹೇಳುತ್ತಿದ್ದಾರೆ ಎಂದು ಆ ದಂಪತಿಗಳನ್ನು ದೂರಲಿಲ್ಲ. ಇದನ್ನು ನಾವು ನೆನಪಿನಲ್ಲಿಡಬೇಕು. ಕಟ್ಟುಕಥೆಯನ್ನು ಹೇಳುವವರೆಲ್ಲರೂ ಸುಳ್ಳುಗಾರರಲ್ಲ.

ನೆನಪೆಂಬುದು ಕಲ್ಲಿನ ಬರಹವಲ್ಲ, ಮರಳಿನ ಬರಹ. ೧೯೯೫ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಇಪ್ಪತ್ತನಾಲ್ಕು ಜನರಿಗೆ ಅವರ ಬಾಲ್ಯದ ಮೂರು ನಿಜವಾದ ಘಟನೆಗಳ ಜೊತೆಗೆ, ಅವರು ಐದಾರು ವರ್ಷದವರಿದ್ದಾಗ ದೊಡ್ಡ ಅಂಗಡಿಯೊಂದರಲ್ಲಿ ತಪ್ಪಿಸಿಕೊಂಡಿದ್ದರೆಂಬ ಸುಳ್ಳು ಘಟನೆಯನ್ನೂ ಸೇರಿಸಿ ಹೇಳಲಾಯಿತು. ಸುಮಾರು ನಾಲ್ವರಲ್ಲಿ ಒಬ್ಬರು ಎಂದೂ ನಡೆಯದ ಆ ಘಟನೆ ತಮಗೆ ಪೂರ್ತಿಯಾಗಿಯೋ ಭಾಗಶಃವೋ ನೆನಪಿದೆಯೆಂದರು.

ಇನ್ನೊಂದು ಕಾರಣ ನಿದ್ರೆಗೆ ಸಂಬಂಧಿಸಿದುದು. ಕನಸು ಕಾಣುವ ನಿದ್ರೆಯಲ್ಲಿ ನಮ್ಮ ಕೈಕಾಲುಗಳ ಸ್ನಾಯುಗಳು ಸಡಿಲಾಗಿ ನಿಶ್ಚೇಷ್ಟಿತವಾಗಿರುತ್ತವೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದೆದ್ದು ಓಡದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಕೆಲವೊಮ್ಮೆ ಮೆದುಳು ಎಚ್ಚರಗೊಂಡರೂ ದೇಹದ ಕಟ್ಟು ಬಿಚ್ಚಿರುವುದಿಲ್ಲ. ಆಗ ಕಣ್ಣು ತೆರೆದಿರುತ್ತದೆ, ಅಲುಗಾಡಲಾಗದು, ಎದೆಯ ಮೇಲೆ ಭಾರ, ಕೋಣೆಯಲ್ಲಿ ಯಾರೋ ನಿಂತಿರುವಂತೆ ಭಾಸ. ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳವರೆಗೆ ಇದು ಇದ್ದು ಹೋಗುತ್ತದೆ. ನಮ್ಮ ಕಡೆ ಇದನ್ನು ದೆವ್ವ ಎದೆಯ ಮೇಲೆ ಕೂತಿತ್ತೆನ್ನುವರು. ಅಮೆರಿಕದವನು ಅನ್ಯಲೋಕದ ಜೀವಿ ಬಂದಿತ್ತೆನ್ನುವನು. ಅನುಭವ ಒಂದೇ. ಅದಕ್ಕೆ ತೊಡಿಸುವ ಅಂಗಿ ಮಾತ್ರ ಆಯಾ ದೇಶದ ದರ್ಜಿ ಹೊಲಿದುದು.

ಇನ್ನು ಆಕಾಶದಲ್ಲಿ ಕಂಡ ವಸ್ತುಗಳ ಮಾತು. ಅಮೆರಿಕದ ವಾಯುಸೇನೆ ೧೯೬೯ರವರೆಗೆ ಇಂಥ ೧೨,೬೧೮ ವರದಿಗಳನ್ನು ಸಂಗ್ರಹಿಸಿ ಪರಿಶೀಲಿಸಿತು. ಬಹುಪಾಲು ನಕ್ಷತ್ರ, ಮೋಡ, ಬಲೂನು, ವಿಮಾನಗಳೆಂದು ಗೊತ್ತಾಯಿತು. ೭೦೧ ಮಾತ್ರ ಗುರುತಿಸಲಾಗದೆ ಉಳಿದುವು. ಗುರುತಿಸಲಾಗಲಿಲ್ಲ ಎಂದರೆ ಅನ್ಯಲೋಕದ್ದು ಎಂದರ್ಥವಲ್ಲ. ನಿರ್ಣಯಿಸುವಷ್ಟು ಸಾಕ್ಷ್ಯವಿಲ್ಲ ಎಂದಷ್ಟೇ ಅರ್ಥ. ೨೦೨೪ರ ಮಾರ್ಚಿಯಲ್ಲಿ ಆ ದೇಶದ ರಕ್ಷಣಾ ಇಲಾಖೆ ಪ್ರಕಟಿಸಿದ ಐತಿಹಾಸಿಕ ವರದಿಯೂ ಅನ್ಯಲೋಕದ ಯಂತ್ರಗಳಿಗೆ ಯಾವ ಆಧಾರವೂ ದೊರೆತಿಲ್ಲವೆಂದೇ ಹೇಳಿತು.

ಇದೆಲ್ಲ ದೂರದೇಶದ ಮಾತು, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಬಹಳವಿದೆ. ನಮ್ಮ ಸೀಮೆಯಲ್ಲಿ ಮನುಷ್ಯರನ್ನು ಹೊತ್ತೊಯ್ಯುವವರು ಆಕಾಶದಿಂದ ಇಳಿಯುವುದಿಲ್ಲ. ಕೆರೆ, ಸೇತುವೆ, ಅಣೆಕಟ್ಟುಗಳ ಕಡೆಯಿಂದ ಬರುತ್ತಾರೆ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯನ್ನು ಕೇಳದ ಕನ್ನಡಿಗರಾರು? ನೀರು ಬಾರದ ಕೆರೆಗೆ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಆ ಕಥೆ ನಮ್ಮ ಹೆಂಗಸರ ಕಂಠದಲ್ಲಿ ತಲೆತಲಾಂತರದಿಂದ ಉಳಿದುಬಂದಿದೆ. ದೊಡ್ಡ ಕಟ್ಟಡಕ್ಕೆ ಜೀವ ಬೇಕೆಂಬ ನಂಬಿಕೆ ಅದರ ಹಿಂದಿದೆ. ೧೯೪೫ರಲ್ಲಿ ಅಡಿಗಲ್ಲು ಬಿದ್ದು ೧೯೫೩ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟನ್ನು ಕಟ್ಟುತ್ತಿದ್ದಾಗ ಹೊತ್ತು ಮುಳುಗಿದ ಮೇಲೆ ತಾಯಂದಿರು ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲವೆಂದು ನಮ್ಮ ಅಜ್ಜಿ ತನ್ನ ತಾಯಿಯಿಂದ ಕೇಳಿದ್ದಾಳೆ. ಅದೇ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಇಂದು ಭತ್ತದ ಕಣಜವಾಗಿದೆ. ನೀರು ತಂದುದು ಕಲ್ಲು, ಗಾರೆ, ಗಣಿತ ಮತ್ತು ಕೂಲಿಗಳ ಬೆವರು. ಕೂಲಿಗಳ ಬೆವರನ್ನು ಮರೆತು ಬಲಿಯ ಕಥೆಯನ್ನು ನೆನಪಿಡುವುದು ನಮ್ಮ ಸ್ವಭಾವ.

ಇದು ಹಳೆಯ ಕಾಲದ ಅಜ್ಞಾನವೆಂದು ಬಿಟ್ಟುಬಿಡುವಂತಿಲ್ಲ. ಸಿಂಧನೂರಿನ ಸುತ್ತಣ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕುಟುಂಬಗಳಿರುವುದು ನಮಗೆಲ್ಲ ತಿಳಿದುದೇ. ಅವರ ಪೂರ್ವಿಕರ ನಾಡಾದ ಇಂದಿನ ಬಾಂಗ್ಲಾದೇಶದಲ್ಲಿ ೨೦೧೯ರಲ್ಲಿ ಪದ್ಮಾ ನದಿಯ ಸೇತುವೆ ಕಟ್ಟುತ್ತಿದ್ದಾಗ, ಸೇತುವೆಗೆ ಮನುಷ್ಯರ ತಲೆಗಳು ಬೇಕಾಗಿವೆ, ಮಕ್ಕಳನ್ನು ಕದಿಯುತ್ತಿದ್ದಾರೆ ಎಂಬ ಗುಲ್ಲು ಹಬ್ಬಿತು. ಸೇತುವೆಯ ಅಧಿಕಾರಿಗಳು ಜುಲೈ ತಿಂಗಳಲ್ಲಿ ಇದು ಸುಳ್ಳೆಂದು ಪ್ರಕಟಣೆ ಹೊರಡಿಸಬೇಕಾಯಿತು. ಆದರೂ ಜನ ಕೇಳಲಿಲ್ಲ. ಜುಲೈ ೨೦ರಂದು ಢಾಕಾ ನಗರದಲ್ಲಿ, ತನ್ನ ಮಗುವನ್ನು ಶಾಲೆಗೆ ಸೇರಿಸುವ ವಿಚಾರ ಕೇಳಲು ಹೋಗಿದ್ದ ತಾಯಿಯೊಬ್ಬಳನ್ನೇ ಮಕ್ಕಳಕಳ್ಳಿಯೆಂದು ಜನ ಬಡಿದು ಕೊಂದರು. ೨೦೨೨ರ ಜೂನ್‌ನಲ್ಲಿ ಸೇತುವೆ ತೆರೆಯಿತು. ಅದಕ್ಕೆ ತಲೆಗಳು ಬೇಕಿರಲಿಲ್ಲ; ಆದರೆ ಗುಲ್ಲು ತನ್ನ ತಲೆಗಳನ್ನು ತೆಗೆದುಕೊಂಡೇ ಹೋಗಿತ್ತು.

ನಮ್ಮ ರಾಜ್ಯವೂ ಈ ಕಳಂಕದಿಂದ ಮುಕ್ತವಲ್ಲ. ೨೦೧೮ರಲ್ಲಿ ಮಕ್ಕಳಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲ್ ಫೋನುಗಳ ಮೂಲಕ ದೇಶವೆಲ್ಲ ಹಬ್ಬಿತು. ಮೋಟಾರ್ ಸೈಕಲ್ಲಿನಲ್ಲಿ ಬಂದವರು ಮಗುವನ್ನೆತ್ತಿಕೊಂಡು ಹೋಗುವ ಚಿತ್ರವೊಂದು ಎಲ್ಲರ ಕೈಯಲ್ಲೂ ಇತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಜನರನ್ನು ಎಚ್ಚರಿಸಲು ನಟರಿಂದ ಮಾಡಿಸಿದ ಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಆ ವರ್ಷದ ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕನೊಬ್ಬನು ಜನರ ಹೊಡೆತಕ್ಕೆ ಸಿಕ್ಕಿ ಸತ್ತನು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬಲ್ಲಿ ಅಲೆಮಾರಿ ಸಮಾಜದ ಐವರು ಭಿಕ್ಷುಕರನ್ನು ಕೊಂದರು. ಜುಲೈ ೧೩ರಂದು ನಮ್ಮ ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ವಿದೇಶದ ಚಾಕಲೇಟು ಹಂಚಿತೆಂಬುದೇ ನೆಪವಾಯಿತು. ಮುರ್ಕಿ ಗ್ರಾಮದಲ್ಲಿ ಅವರ ಕಾರನ್ನು ತಡೆದರು. ಒಬ್ಬ ಇಂಜಿನಿಯರನ ಪ್ರಾಣ ಹೋಯಿತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ನಾಲ್ಕು ದಿನಗಳ ನಂತರ, ಜುಲೈ ೧೭ರಂದು, ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಸರಕಾರಗಳಿಗೆ ನಿರ್ದೇಶನಗಳನ್ನಿತ್ತಿತು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಾಗಿ ಕಳಿಸಲಾಗದಂತೆ ಮಿತಿ ಹಾಕಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಆಗ ಏಳನೆಯ ತರಗತಿಯಲ್ಲಿದ್ದೆ. ಮಸ್ಕಿಯ ಆಚೆಗಿರುವ ನಮ್ಮ ಹಳ್ಳಿಗೆ ಒಂದು ಮುಂಜಾನೆ ಹೆಗಲಿಗೆ ಜೋಳಿಗೆ ಹಾಕಿಕೊಂಡ ಒಬ್ಬ ಮನುಷ್ಯ ಬಂದನು. ಅವನನ್ನು ಮೊದಲು ಕಂಡು "ಮಕ್ಕಳಕಳ್ಳ ಬಂದಾನ" ಎಂದು ಓಣಿಯಲ್ಲಿ ಕೂಗುತ್ತ ಓಡಿದವರಲ್ಲಿ ನಾನೂ ಒಬ್ಬ. ಹತ್ತು ನಿಮಿಷದೊಳಗೆ ಜನ ಕೂಡಿದರು. ಅವನನ್ನು ಬೇವಿನ ಮರಕ್ಕೆ ಒತ್ತಿ ನಿಲ್ಲಿಸಿದರು. ಹೆಸರು ಕೇಳಿದರೆ ಅವನ ನಾಲಗೆ ಹೊರಳದು. ಹೆದರಿದವನ ತೊದಲು ಕಳ್ಳನ ತೊದಲಿನಂತೆಯೇ ಇರುತ್ತದೆ. ಯಾರೋ ಮೊದಲ ಏಟು ಹೊಡೆದರು. ಆಗ ನಮ್ಮ ಅಜ್ಜಿ ಗುಂಪನ್ನು ಸರಿಸಿಕೊಂಡು ಒಳಗೆ ಬಂದಳು. ಅವನ ಮುಖ ನೋಡಿ, "ಇವ ಹಗಲುವೇಷದಾಂವ. ಇವರಪ್ಪನೂ ಸುಗ್ಗಿಗೆ ಬಂದು ಜೋಳ ಒಯ್ತಿದ್ದ. ಮೊದಲ ಜೋಳಿಗಿ ಬಿಚ್ಚಿ ನೋಡ್ರಿ" ಎಂದಳು. ಜೋಳಿಗೆಯಲ್ಲಿದ್ದುದು ಬಣ್ಣದ ಡಬ್ಬಿ, ತಗಡಿನ ಕಿರೀಟ, ಎರಡು ಸೇರು ಜೋಳ. ಅಜ್ಜಿ ಅವನ ಕೈಗೆ ನೀರಿನ ತಂಬಿಗೆ ಕೊಟ್ಟು, ಜನರ ಕಡೆ ತಿರುಗಿ, "ಇವನ ಮನ್ಯಾಗೂ ಒಬ್ಬಾಕಿ ದಾರಿ ನೋಡ್ತಿರ್ತಾಳ" ಎಂದಳು. ಜನ ಒಬ್ಬೊಬ್ಬರಾಗಿ ಚದುರಿದರು. ಆ ಮನುಷ್ಯ ಮತ್ತೆ ನಮ್ಮ ಊರಿಗೆ ಬರಲಿಲ್ಲ.

ಬುದ್ಧಿವಂತರೂ ಇಂಥ ಕಥೆಗಳನ್ನು ನಂಬುವುದೇಕೆ? ನನಗೆ ನಾಲ್ಕು ಕಾರಣಗಳು ತೋರುತ್ತವೆ.

ಮೊದಲನೆಯದು, ದೊಡ್ಡ ದುಃಖಕ್ಕೆ ದೊಡ್ಡ ಕಾರಣವೇ ಇರಬೇಕೆಂಬ ಮನಸ್ಸಿನ ಹಟ. ನೇತಾಜಿ ಸುಭಾಷಚಂದ್ರ ಬೋಸರ ಸಂಗತಿ ಇದಕ್ಕೆ ಉದಾಹರಣೆ. ೧೯೪೫ನೆಯ ಆಗಸ್ಟ್ ೧೮ರಂದು ತೈಹೊಕುವಿನಲ್ಲಿ ವಿಮಾನ ಅಪಘಾತವಾಗಿ ಅವರು ತೀರಿಕೊಂಡರೆಂದು ೧೯೫೬ರ ಷಾನವಾಜ್ ಸಮಿತಿಯೂ, ೧೯೭೦ರಲ್ಲಿ ನೇಮಕವಾದ ಖೋಸ್ಲಾ ಆಯೋಗವೂ ಹೇಳಿದುವು. ೧೯೯೯ರಲ್ಲಿ ನೇಮಕವಾದ ಮುಖರ್ಜಿ ಆಯೋಗ ಇದನ್ನೊಪ್ಪಲಿಲ್ಲ; ಆ ವರದಿಯನ್ನು ಸರಕಾರವು ೨೦೦೬ರಲ್ಲಿ ಒಪ್ಪಲಿಲ್ಲ. ಆಯೋಗಗಳ ಭಿನ್ನಾಭಿಪ್ರಾಯವನ್ನು ಆಧಾರಗಳನ್ನಿಟ್ಟು ಚರ್ಚಿಸಬಹುದು. ಆದರೆ ಅವರು ಸಾಧುವಾಗಿ ಇಂಥಲ್ಲಿದ್ದರು, ಅಂಥಲ್ಲಿ ಕಂಡರು ಎಂಬ ಕಥೆಗಳು ಹುಟ್ಟಿದುದು ಆಧಾರದಿಂದಲ್ಲ. ಅಂಥ ವೀರನು ಸಾಮಾನ್ಯ ಅಪಘಾತದಲ್ಲಿ ಹೋಗಬಾರದೆಂಬ ನಮ್ಮ ಪ್ರೀತಿಯಿಂದ.

ಎರಡನೆಯದು, ಕಥೆಯಲ್ಲಿ ಒಬ್ಬ ಅಪರಾಧಿ ಸಿಕ್ಕುತ್ತಾನೆಂಬ ಸಮಾಧಾನ. ಆ ಅಪರಾಧಿ ಸಾಮಾನ್ಯವಾಗಿ ನಮ್ಮ ಭಾಷೆಯಾಡದವನು, ನಮ್ಮ ಊರಿನವನಲ್ಲದವನು, ಬಡವ, ಅಲೆಮಾರಿ. ಮೂರನೆಯದು, ಇಂಥ ಕಥೆಯನ್ನು ಸುಳ್ಳೆಂದು ತೋರಿಸುವ ದಾರಿಯೇ ಇರುವುದಿಲ್ಲ. ಆಧಾರವೆಲ್ಲಿ ಎಂದರೆ ಮುಚ್ಚಿಟ್ಟಿದ್ದಾರೆ ಎನ್ನುವರು. ಅಧಿಕಾರಿಗಳು ಅಲ್ಲವೆಂದರೆ ಅವರೂ ಸೇರಿದ್ದಾರೆ ಎನ್ನುವರು. ಯಾವ ಮಾತಿನಿಂದಲೂ ಸೋಲದ ವಾದ ಬಲವಾದ ವಾದವೆಂದು ಅನೇಕರು ಭಾವಿಸಿರುವರು. ನಿಜವಾಗಿ ಅದು ಪರೀಕ್ಷೆಗೇ ಕೂಡದ ವಿದ್ಯಾರ್ಥಿಯಂತೆ; ನಪಾಸಾಗಿಲ್ಲ, ಆದರೆ ಪಾಸೂ ಆಗಿಲ್ಲ. ನಾಲ್ಕನೆಯದು, ಕೆಲವೊಮ್ಮೆ ನಿಜವಾಗಿಯೂ ಮಕ್ಕಳ ಅಪಹರಣವಾಗುತ್ತದೆ, ನಿಜವಾಗಿಯೂ ವಿಷಯ ಮುಚ್ಚಿಡುವವರಿರುತ್ತಾರೆ. ಹುಸಿ ನಾಣ್ಯ ಚಲಾವಣೆಯಾಗುವುದು ಒಳ್ಳೆಯ ನಾಣ್ಯವಿರುವುದರಿಂದಲೇ. ಆದುದರಿಂದ ಎಲ್ಲ ಸಂಶಯವನ್ನೂ ನಗೆಯಾಡುವುದು ವಿವೇಕವಲ್ಲ. ಸಂಶಯವನ್ನು ಪರೀಕ್ಷೆಗೆ ಹಚ್ಚುವುದು ವಿವೇಕ.

ಪರೀಕ್ಷೆ ಹೇಗಿರಬೇಕೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮಸ್ಕಿಯ ಬಂಡೆಯೇ ನಮ್ಮ ಗುರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಶಾಸನಗಳನ್ನು ಓದಿದಾಗ ಅವುಗಳಲ್ಲಿ ಕಂಡುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ರಾಜನ ಹೆಸರೇ ಇರಲಿಲ್ಲ. ಇವನು ಸಿಂಹಳದ ಅರಸನಿರಬಹುದೆಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳನ್ನು ನೋಡಿ ಪ್ರಿಯದರ್ಶಿಯೆಂದರೆ ಅಶೋಕನೆಂದು ತೋರಿಸಿದಾಗ ಪ್ರಿನ್ಸೆಪ್ ತಮ್ಮ ಊಹೆಯನ್ನು ಬಿಟ್ಟುಕೊಟ್ಟರು. ಆದರೂ ಆ ರಾಜನ ಯಾವ ಶಾಸನದಲ್ಲಿಯೂ ಅಶೋಕನೆಂಬ ಹೆಸರು ಸಿಕ್ಕಿರಲಿಲ್ಲ. ೧೯೧೫ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ, ಆಗ ಲಿಂಗಸುಗೂರು ತಾಲೂಕಿಗೆ ಸೇರಿದ್ದ ಮಸ್ಕಿಯ ಗುಡ್ಡದಲ್ಲಿ ಬರಹವಿರುವ ಬಂಡೆ ಕಂಡಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರು ಅಲ್ಲಿ ಸ್ಪಷ್ಟವಾಗಿತ್ತು. ಹೆಸರು ಕಾಣೆಯಾಗಿದ್ದ ಚಕ್ರವರ್ತಿಗೆ ಅವನ ಹೆಸರು ಸಿಕ್ಕಿದುದು ನಮ್ಮ ನೆಲದಲ್ಲಿ! ಎಪ್ಪತ್ತೆಂಟು ವರ್ಷಗಳ ಕಾಲ ವಿದ್ವಾಂಸರು ಊಹೆಯನ್ನು ಊಹೆಯೆಂದೇ ಇಟ್ಟುಕೊಂಡು, ತಪ್ಪಿದಾಗ ತಿದ್ದಿಕೊಂಡು, ಸಾಕ್ಷ್ಯಕ್ಕಾಗಿ ಕಾದರು.

ಇನ್ನು ನನ್ನ ಗೆಳೆಯನ ವಾದ. ಹಿಂದೆ ಬೆರೆಯದಿದ್ದ ದೇವತೆಗಳು ಈಗ ಜನರೊಡನೆ ಬೆರೆತಿರುವರೆಂಬ ಅರ್ಥದ ಮಾತು ಮಸ್ಕಿಯ ಶಾಸನದಲ್ಲಿರುವುದು ನಿಜ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಶಾಸನದ ಮುಂದಿನ ಭಾಗವನ್ನೂ ಓದಬೇಕಷ್ಟೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ನಿರತನಾದ ಸಣ್ಣವನಿಗೂ ಸಾಧ್ಯವೆಂದು ಅಲ್ಲಿ ಹೇಳಿದೆ. ಇದು ಆಚರಣೆಯ ಮಾತು, ಆಕಾಶಯಾನದ ಮಾತಲ್ಲ. ಒಂದು ವಾಕ್ಯವನ್ನು ಮಾತ್ರ ಕತ್ತರಿಸಿ ತೆಗೆದರೆ ಶಾಸನದಿಂದಲೂ ಗುಲ್ಲನ್ನು ಹುಟ್ಟಿಸಬಹುದು; ಕರಾಚಿಯ ಚಿತ್ರಕ್ಕೆ ಆದುದೂ ಅದೇ.

ತಾಳ್ಮೆಯ ಹುಡುಕಾಟಕ್ಕೆ ಈ ಕಾಲದ ನಿದರ್ಶನವೂ ಉಂಟು. ೨೦೧೬ನೆಯ ಜುಲೈ ೨೨ರಂದು ಭಾರತೀಯ ವಾಯುಸೇನೆಯ ಎಎನ್-೩೨ ವಿಮಾನವು ೨೯ ಜನರೊಡನೆ ಚೆನ್ನೈಯ ತಾಂಬರಂನಿಂದ ಪೋರ್ಟ್‌ಬ್ಲೇರಿಗೆ ಹೊರಟು ಬಂಗಾಳಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಆಗ ನಡೆಸಿದ ದೊಡ್ಡ ಶೋಧ ಫಲಿಸಲಿಲ್ಲ. ಏಳೂವರೆ ವರ್ಷಗಳ ನಂತರ, ೨೦೨೪ರ ಜನವರಿಯಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಜಲಯಾನವು ಸುಮಾರು ೩,೪೦೦ ಮೀಟರ್ ಆಳದಲ್ಲಿ ಅದರ ಅವಶೇಷಗಳ ಚಿತ್ರ ತೆಗೆದಿರುವುದು ಪ್ರಕಟವಾಯಿತು. ವಿಮಾನವನ್ನು ಯಾವ ಅನ್ಯಲೋಕದವನೂ ಒಯ್ದಿರಲಿಲ್ಲ. ಅದು ಸಮುದ್ರದ ತಳದಲ್ಲಿ ಹುಡುಕುವವರಿಗಾಗಿ ಕಾದಿತ್ತು.

ಮನುಷ್ಯರು ಕಾಣೆಯಾಗುವ ಕಾರಣಗಳೂ ಹೀಗೆಯೇ ಭೂಮಿಯ ಮೇಲಿನವು: ಮನೆಯ ಜಗಳ, ಪರೀಕ್ಷೆಯ ಭಯ, ಬೇಡವಾದ ಮದುವೆ, ಸಾಲ, ಮರೆವಿನ ಮುಪ್ಪು, ಮನೋರೋಗ, ಅಪಘಾತ, ಹಾಗೂ ದುಡಿಮೆಗೋ ವ್ಯಭಿಚಾರಕ್ಕೋ ಮನುಷ್ಯರನ್ನು ಮಾರುವ ವ್ಯಾಪಾರ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ ೨೦೨೨ರಲ್ಲಿ ದೇಶದಲ್ಲಿ ಕಾಣೆಯಾದರೆಂದು ದಾಖಲಾದ ಮಕ್ಕಳು ೮೩,೩೫೦. ಅವರಲ್ಲಿ ೬೨,೯೪೬ ಹೆಣ್ಣುಮಕ್ಕಳು. ಆ ವರ್ಷ ಪತ್ತೆಯಾದ ಮಕ್ಕಳ ಸಂಖ್ಯೆ ೮೦,೫೬೧. ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳೇ ಆಗಿರುವುದರ ಕಾರಣವನ್ನು ಜೋಳಿಗೆಯವನಲ್ಲಿ ಹುಡುಕದೆ ನಮ್ಮ ಮನೆಗಳಲ್ಲೂ ಹುಡುಕಬೇಕು. ಮತ್ತು, ದೂರು ಕೊಟ್ಟು ಹುಡುಕಿದರೆ ಬಹುಮಂದಿ ಸಿಕ್ಕುತ್ತಾರೆ.

ದೂರು ಕೊಡುವ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಅನೇಕ ತಪ್ಪು ಕಲ್ಪನೆಗಳಿವೆ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ಅವುಗಳಲ್ಲೊಂದು. ಅಂಥ ನಿಯಮವಿಲ್ಲ. ಮಗು ಕಾಣೆಯಾದ ಪ್ರತಿಯೊಂದು ದೂರನ್ನೂ ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರ ಮೇ ೧೦ರಂದು ಆಜ್ಞಾಪಿಸಿದೆ. ಘಟನೆ ಬೇರೆ ಊರಿನದಾದರೂ ಯಾವ ಠಾಣೆಯಲ್ಲಿಯೂ ಮೊದಲ ವರದಿ ಕೊಡಬಹುದು. ಸಂಕಟದಲ್ಲಿರುವ ಮಕ್ಕಳಿಗಾಗಿ ೧೦೯೮ ಎಂಬ ದೂರವಾಣಿ ಇದೆ. ಏಳು ವರ್ಷ ಸುದ್ದಿಯಿಲ್ಲದವನ ಬಗ್ಗೆ ೧೮೭೨ರ ಸಾಕ್ಷ್ಯ ಕಾಯಿದೆ ಹೇಳಿದ್ದ ಮಾತನ್ನೇ ೨೦೨೩ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ: ಅವನು ಬದುಕಿರುವನೆಂದು ವಾದಿಸುವವನೇ ಅದನ್ನು ಸಿದ್ಧಪಡಿಸಬೇಕು. ಇದು ಆಸ್ತಿ ಮುಂತಾದ ವ್ಯವಹಾರಗಳ ತೀರ್ಮಾನಕ್ಕಾಗಿ ಮಾಡಿಕೊಂಡ ಊಹೆ. ಮನುಷ್ಯನು ಸತ್ತನೆಂಬ ಸುದ್ದಿಯಲ್ಲ.

ಈ ನಿಯಮಗಳನ್ನು ನಾನು ತಿಳಿದುಕೊಂಡುದು ಕುತೂಹಲಕ್ಕಾಗಿ ಅಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ನೀರಾವರಿಯಿಲ್ಲದ ಹಳ್ಳಿಗಳಿಂದ ಜನ ಬೇಸಗೆ ಬಂದರೆ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದು ಎಲ್ಲರಿಗೂ ತಿಳಿದುದೇ. ೨೦೦೯ರಲ್ಲಿ ನನ್ನ ಚಿಕ್ಕಪ್ಪನೂ ಹಾಗೆಯೇ ಕಟ್ಟಡದ ಕೆಲಸಕ್ಕೆ ಹೋದನು. ಜೊತೆಗೆ ಹೋದವರು ಮಳೆಗಾಲಕ್ಕೆ ತಿರುಗಿ ಬಂದರು, ಅವನು ಬರಲಿಲ್ಲ. ಕೂಲಿಯ ಹಣದ ವಿಷಯದಲ್ಲಿ ಜಗಳವಾಡಿ ಒಂದು ರಾತ್ರಿ ಎದ್ದುಹೋದನೆಂದು ಅವರು ಹೇಳಿದರು. ಹುಡುಕಬೇಕೆಂದು ಅಪ್ಪ ಹೊರಟಿದ್ದನು. ಅಷ್ಟರಲ್ಲಿ ಸಿಂಧನೂರಿನ ಸಂತೆಯಲ್ಲಿ ಯಾರೋ, "ಅಲ್ಲೊಂದು ಸೇತುವೆ ಕಟ್ಟತಾರ. ಅದಕ್ಕ ಬಲಿ ಕೊಟ್ಟಾರ" ಎಂದರಂತೆ. ಮನೆಯಲ್ಲಿ ಮೂರು ದಿನ ಒಲೆ ಹೊತ್ತಲಿಲ್ಲ. ಬಲಿಯಾದವನನ್ನು ಹುಡುಕಿ ಫಲವೇನು? ಯಾರ ಮೇಲೆ ದೂರು ಕೊಡುವುದು? ಅಪ್ಪ ಬೆಂಗಳೂರಿಗೆ ಹೋಗಲಿಲ್ಲ, ಠಾಣೆಗೂ ಹೋಗಲಿಲ್ಲ. ಅನೇಕ ವರ್ಷ ನಮ್ಮ ಮನೆಯಲ್ಲಿ ಆ ಕಥೆಯೇ ಅವನ ಸಮಾಧಿಯಾಗಿತ್ತು. ಒಪ್ಪದೆ ಉಳಿದವಳು ಅಜ್ಜಿಯೊಬ್ಬಳೇ. ಬೇವಿನ ಮರದ ಕೆಳಗೆ ಅವಳಾಡಿದ ಮಾತಿನ ಅರ್ಥ ನನಗಾದುದು ಬಹಳ ತಡವಾಗಿ.

ಕಟ್ಟುಕಥೆಯಿಂದಾಗುವ ಮುಖ್ಯ ಹಾನಿ ಇದೇ ಎಂದು ನಾನು ತಿಳಿದಿರುವೆನು. ಅದು ಕೆಲವೊಮ್ಮೆ ಪ್ರಾಣ ತೆಗೆಯುತ್ತದೆಂಬುದು ಸರಿ. ಆದರೆ ಪ್ರತಿಸಲವೂ ಅದು ಹುಡುಕಾಟವನ್ನು ನಿಲ್ಲಿಸುತ್ತದೆ. ಗೊತ್ತಿಲ್ಲ ಎನ್ನುವವನು ಹುಡುಕುತ್ತಾನೆ. ಗೊತ್ತಾಯಿತು ಎಂದುಕೊಂಡವನು ಮನೆಯಲ್ಲಿ ಕೂಡುತ್ತಾನೆ.

ಬಿ.ಎ. ಎರಡನೆಯ ವರ್ಷದಲ್ಲಿ ರಾಜ್ಯಶಾಸ್ತ್ರದ ಗುರುಗಳು ನಾಗರಿಕನ ಹಕ್ಕುಗಳ ಪಾಠ ಮಾಡುತ್ತ ದೂರಿನ ವಿಷಯ ಹೇಳಿದಾಗ ನಾನು ಎದ್ದು ನಿಂತು, ಇಷ್ಟು ವರ್ಷಗಳ ಮೇಲೆಯೂ ದೂರು ಕೊಡಬಹುದೇ ಎಂದು ಕೇಳಿದೆ. ಕೊಡಬಹುದೆಂದು ಹೇಳಿದುದಲ್ಲದೆ ಅರ್ಜಿಯನ್ನೂ ಅವರೇ ತಿದ್ದಿಕೊಟ್ಟರು. ಅಜ್ಜಿಯನ್ನು ಕರೆದುಕೊಂಡು ಠಾಣೆಗೆ ಹೋದೆ. ಅವಳ ಟ್ರಂಕಿನಲ್ಲಿದ್ದ, ಜಾತ್ರೆಯಲ್ಲಿ ತೆಗೆಸಿದ ಒಂದೇ ಒಂದು ಭಾವಚಿತ್ರ. ಎಡಗೈಯ ಮೇಲೆ ಹಚ್ಚೆ. ಹಣೆಯಲ್ಲಿ ಕುಡುಗೋಲಿನ ಗಾಯದ ಗುರುತು. ಎತ್ತರ, ಬಣ್ಣ, ಕೊನೆಯ ಬಾರಿ ಕಂಡ ಸ್ಥಳ. ಬರೆದುಕೊಳ್ಳುತ್ತಿದ್ದವರು, "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೇಳಿದರು. ಅಜ್ಜಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

ಅವನು ಸಿಕ್ಕಿಲ್ಲ. ಸಿಕ್ಕುವನೆಂದು ಹೇಳುವ ಧೈರ್ಯವೂ ನನಗಿಲ್ಲ, ಬದುಕಿರದೆಯೂ ಇರಬಹುದು. ಆದರೆ ಈಗ ಅವನ ಹೆಸರು, ಗುರುತುಗಳು ಒಂದು ದಾಖಲೆಯಲ್ಲಿವೆ. ಎಲ್ಲಿಯಾದರೂ ಒಂದು ಆಶ್ರಮದಲ್ಲಿ, ಆಸ್ಪತ್ರೆಯಲ್ಲಿ, ಗುರುತು ಸಿಗದವರ ಪಟ್ಟಿಯಲ್ಲಿ ಅವನಿದ್ದರೆ ಹೋಲಿಸಿ ನೋಡಲು ಆಧಾರವಿದೆ.

ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದ ಬಂದವರು. ಮನೆಯಲ್ಲಿ ಓದಿದವರು ನಾವೇ ಮೊದಲಿಗರು. ಊರಿನಲ್ಲಿ ಗುಲ್ಲೆದ್ದಾಗ ಜನ ನಮ್ಮ ಮುಖ ನೋಡುವರು. ಆಗ ಇದನ್ನು ಮೊದಲು ಹೇಳಿದವರಾರು, ಕಣ್ಣಾರೆ ಕಂಡವರಾರು, ಜೋಳಿಗೆಯಲ್ಲೇನಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಧೈರ್ಯ ನಮಗಿರಲಿ. ಅಕ್ಷರ ಬಾರದ ನನ್ನ ಅಜ್ಜಿ ಅದನ್ನು ಕೇಳಿದ್ದಳು. ಗುಳೆ ಹೋಗುವವರ ಹೆಸರು, ಹೋಗುವ ಸ್ಥಳ, ಕರೆದೊಯ್ಯುವವನ ದೂರವಾಣಿ ಸಂಖ್ಯೆಗಳನ್ನು ಊರಿನಲ್ಲಿ ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ನಾನು ಈ ಬೇಸಗೆಯಿಂದ ಆರಂಭಿಸಿರುವೆನು. ಇದುವರೆಗೆ ನಲವತ್ತೊಂದು ಹೆಸರುಗಳಾಗಿವೆ. ಮೊದಲನೆಯ ಪುಟದ ಮೊದಲನೆಯ ಸಾಲಿನಲ್ಲಿ ಚಿಕ್ಕಪ್ಪನ ಹೆಸರನ್ನು ಬರೆದು, 'ತಿರುಗಿ ಬಂದ ದಿನ' ಎಂಬ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.